ಮೈದಾನದ ಎಡ ತಿರುವು

ಮೈದಾನದ ಮೂಲೆಯಲ್ಲಿ ಗಂಡ ಸೈಕಲ್ಲನ್ನು ಎಡಕ್ಕೆ ತಿರುಗಿಸಿದ.

ಆ ಬಡಾವಣೆಯಲ್ಲಿ ಬೆಳಗಿನ ಹೊತ್ತು ಓಡುವವರಾಗಲಿ, ಸೈಕಲ್ ತುಳಿಯುವವರಾಗಲಿ ಯಾರೂ ಎಡಕ್ಕೆ ಹೋಗುವುದಿಲ್ಲ. ಎಲ್ಲರದೂ ಬಲಕ್ಕೆ, ಕೆರೆಯ ಸುತ್ತಿನ ದಾರಿ. ಎಡಕ್ಕಿರುವುದು ಬಾಗಿಲು ಮುಚ್ಚಿದ ಕಾರ್ಖಾನೆ, ಅದರ ಹಿಂದೆ ಒತ್ತೊತ್ತಾಗಿ ನಿಂತ ಸಣ್ಣ ಮನೆಗಳು.

ಹಾಲಿನ ವ್ಯಾನಿನ ಮರೆಯಲ್ಲಿ ನಿಂತಿದ್ದ ಹೆಂಡತಿ, ಎದುರುಮನೆಯವರಿಂದ ಕೇಳಿ ತಂದ ಸೈಕಲ್ಲಿನ ಪೆಡಲ್ ಒತ್ತಿದಳು.

ಅವಳ ತಲೆಗೆ ಹುಳ ಬಿಟ್ಟವರು ಸೀಟಿ ಮಾಮ. ಬೆಳಗಿನ ಗುಂಪಿಗೆ ಅವರೇ ಮುಂದಾಳು. ಕತ್ತಿನಲ್ಲಿ ಸೀಟಿ, ಬಾಯಲ್ಲಿ ಬೀದಿಯ ಸುದ್ದಿ. ಅವಳು ಕೆಲಸ ಮಾಡುವ ಕನ್ನಡಕದ ಅಂಗಡಿಗೆ ಕಣ್ಣು ತೋರಿಸಲು ಬಂದವರು ಸುಮ್ಮನೆ ಕೂರಲಿಲ್ಲ.

"ನಿಮ್ಮ ಯಜಮಾನ್ರು ನಮ್ಮ ಜೊತೆನೇ ಹೊರಡ್ತಾರೆ. ಮೈದಾನ ಬಂತು ಅಂದ್ರೆ ಮಾಯ. ಕೆರೆ ಕಡೆ ಬನ್ನಿ ಸ್ವಾಮಿ ಅಂದ್ರೆ ಮುಖ ಬಿಳುಚಿಕೊಳ್ಳುತ್ತೆ. ನೀರು ಕಂಡ್ರೆ ಭಯಾನಾ ಅವರಿಗೆ?"

"ಇರಬಹುದು. ಈ ಸಾಲು ಓದಿ ಮಾಮ," ಎಂದಳು ಅವಳು. ಗಂಡ ದಿನವೂ ಮನೆಗೆ ಬಂದು ಹೇಳುತ್ತಿದ್ದುದು ಒಂದೇ ಮಾತು: ಕೆರೆ ಸುತ್ತ ಹೋಗಿದ್ದೆ.

ಅಲ್ಲಿಂದ ಒಂದೊಂದೇ ಕಣ್ಣಿಗೆ ಬೀಳತೊಡಗಿತು. ಅವನ ಅಂಗಿಯ ತೋಳು ತೊಯ್ದಿರುತ್ತಿತ್ತು; ಬೆವರಲ್ಲ, ನೀರು. ಮೈಯಿಂದ ಮನೆಯಲ್ಲಿಲ್ಲದ ಸೋಪಿನ ವಾಸನೆ. ಮುದ್ರಣಾಲಯದಲ್ಲಿ ಕೂತು ಅಚ್ಚಿನ ತಪ್ಪು ತಿದ್ದುವವನ ರಟ್ಟೆಗಳು ಯಾರಿಗಾಗಿ ಗಟ್ಟಿಯಾಗುತ್ತಿದ್ದವು? ಕಾರನ್ನಂತೂ ಹಟ ಹಿಡಿದು ಮಾರಿಸಿದ್ದ. ಅಂದಿನಿಂದ ಅವಳೂ ಬಸ್ಸಿಗೆ ಕಾಯುವಂತಾಗಿತ್ತು.

ಅವನು ಯಾವಾಗಿನಿಂದ ಹೀಗಾದ ಎಂದು ಯೋಚಿಸಿದರೆ ನೆನಪು ಒಂದು ಮಳೆಗಾಲದ ಸಂಜೆಗೆ ಹೋಗಿ ನಿಲ್ಲುತ್ತಿತ್ತು. ಅಕ್ಕನ ಮನೆಯಿಂದ ಇಬ್ಬರೇ ಬರುವಾಗ ಕೆರೆಯ ತಿರುವಿನಲ್ಲಿ ಕಾರಿಗೆ ಏನೋ ಬಡಿದಿತ್ತು. ಅವನು ಇಳಿದು ಹಿಂದಕ್ಕೆ ಹೋಗಿ ನೋಡಿ ಬಂದ. ಬೀದಿನಾಯಿ ಎಂದ. ಆಟೋ ಹಿಡಿದು ಡಾಕ್ಟರ ಹತ್ತಿರ ಒಯ್ಯುತ್ತೇನೆಂದು ಅಲ್ಲೇ ಉಳಿದು, ಅವಳನ್ನು ಮನೆಗೆ ಕಳಿಸಿದ. ಎರಡು ದಿನ ಅವಳ ಗಂಟಲಲ್ಲಿ ಅನ್ನ ಇಳಿಯಲಿಲ್ಲ.

"ಏನಾಯ್ತು ಆ ನಾಯಿಗೆ?" ಎಂದು ಕೇಳಿದ್ದಳು.

"ಬದುಕ್ತು. ಇನ್ನು ಓಡಾಡೋದು ಕಷ್ಟ," ಎಂದಿದ್ದ ಅವನು, ಗೋಡೆಯ ಕಡೆ ತಿರುಗಿ.

ಆಮೇಲೆ ಮಾತು ಕಮ್ಮಿಯಾಯಿತು. ಸೈಕಲ್ ಬಂತು. ಮೂಗನಂತೆ ಕೂರುವ ಗಂಡಸಿಗೆ ಮನೆಯ ಹೊರಗೆ ಮಾತಾಡಲು ಯಾರೋ ಸಿಕ್ಕಿದ್ದಾರೆ ಎಂದು ಅವಳು ಲೆಕ್ಕ ಹಾಕಿದಳು.

ಕಾರ್ಖಾನೆಯ ಗೋಡೆ ದಾಟಿದ ಮೇಲೆ ಮೂರನೆಯ ಮನೆ. ಅವನು ಸೈಕಲ್ಲನ್ನು ಕಿಟಕಿಯ ಕೆಳಗೆ ಒರಗಿಸಿ, ಬಾಗಿಲು ತಟ್ಟದೆ ಒಳಗೆ ಹೋದ. ಒಳಗಿನಿಂದ ಹೆಣ್ಣಿನ ದನಿ ಕೇಳಿತು. ಬಕೆಟ್ಟಿಗೆ ನೀರು ಬೀಳುವ ಸದ್ದು. ಬಾಗಿಲು ಮುಚ್ಚಿತು.

ಅವಳು ಬೀದಿಯ ಈಚೆ ನಿಂತಳು. ಒಳನುಗ್ಗಿ ಇಬ್ಬರ ಮುಖಕ್ಕೂ ಉಗಿಯಬೇಕು ಅನ್ನಿಸಿತು, ಆದರೂ ಕಾದಳು. ಅವನು ಹೊರಗೆ ಬಂದಾಗ ತೋಳು ತೊಯ್ದಿತ್ತು. ಹಿಂದೆಯೇ ಬಾಗಿಲಿಗೆ ಬಂದ ಚಿಕ್ಕ ಪ್ರಾಯದ ಹೆಣ್ಣು, "ನಾಳೆ ಸ್ವಲ್ಪ ಬೇಗ ಬನ್ನಿ," ಎಂದಳು. ಅವನು ತಲೆಯಾಡಿಸಿ ಹೊರಟುಹೋದ.

ಅವಳು ಹೋಗಿ ಬಾಗಿಲು ಬಡಿದಳು.

"ಯಾರು ಬೇಕಿತ್ತು?"

"ಈಗ ಹೋದ್ರಲ್ಲ, ಅವರ ಹೆಂಡತಿ ನಾನು."

ಹುಡುಗಿಯ ಮುಖ ಅರಳಿತು. "ಅತ್ತಿಗೆ! ಬನ್ನಿ, ಒಳಗೆ ಬನ್ನಿ. ಒಂದ್ಸಲ ಕರ್ಕೊಂಡ್ ಬನ್ನಿ ಅಂತ ಅಣ್ಣಂಗೆ ಎಷ್ಟು ಹೇಳಿದ್ದೀನಿ. ಅಪ್ಪ, ಯಾರು ಬಂದಿದ್ದಾರೆ ನೋಡು."

ಬಾಯಿಗೆ ಬಂದಿದ್ದ ಬೈಗುಳ ಅಲ್ಲೇ ಉಳಿಯಿತು. ಒಳಗೆ ಮಂಚದ ಮೇಲೆ ಐವತ್ತು ದಾಟಿದ ಮನುಷ್ಯ ಒರಗಿದ್ದ. ಆಗಷ್ಟೇ ಸ್ನಾನ ಮಾಡಿಸಿ, ತಲೆ ಬಾಚಿ ಕೂರಿಸಿದ್ದರು. ಕೋಣೆಯ ತುಂಬ ಅದೇ ಸೋಪಿನ ವಾಸನೆ. ಹೊದಿಕೆಯ ಕೆಳಗೆ ಕಾಲುಗಳು ಬೆತ್ತದಂತೆ ಸಣಕಲಾಗಿದ್ದವು.

"ಅಪ್ಪ ಸ್ಕೂಲಲ್ಲಿ ಡ್ರಿಲ್ ಮೇಷ್ಟ್ರು," ಎಂದಳು ಹುಡುಗಿ, ಅವಳ ಕೈಗೆ ನೀರಿನ ಲೋಟ ಕೊಡುತ್ತ.

"ಆಗಿದ್ದೆ," ಮೇಷ್ಟ್ರು ನಕ್ಕರು. "ಕೂತ್ಕೊಳ್ಳಮ್ಮ. ನಿಮ್ಮೆಜಮಾನ್ರು ನನ್ನನ್ನ ಕೂಸಿನ ಹಾಗೆ ಎತ್ತಿ ಬಚ್ಚಲಿಗೆ ಒಯ್ತಾರೆ. ಒಂದು ದಿನ ತಪ್ಪಿಸಿಲ್ಲ. ನನ್ನ ಮಗಳ ಕೈಲಿ ಆಗುತ್ತಾ ಅದು?"

"ಕಾಲಿಗೆ... ಏನಾಯ್ತು?"

ಮೇಷ್ಟ್ರು ಮಗಳ ಮುಖ ನೋಡಿದರು. "ಅವರು ನಿಮಗೆ ಹೇಳಿಲ್ಲ ಅಂತ ಕಾಣುತ್ತೆ. ಕೆರೆ ಹತ್ರ ಆಗಿದ್ದು. ನಾನು ದಿನಾ ಓಡೋ ದಾರಿನೇ. ಸಂಜೆ, ಜಡಿಮಳೆ. ತಿರುವಲ್ಲಿ ಕಾರು ಬಂದದ್ದು ನನಗೂ ಕಾಣ್ಲಿಲ್ಲ, ನಾನು ಅವರಿಗೂ ಕಾಣ್ಲಿಲ್ಲ."

ಅವಳು ಲೋಟವನ್ನು ನೆಲಕ್ಕಿಟ್ಟಳು. ನಾಯಿ ಎಂದಿದ್ದ ಅವನು.

"ಗುದ್ದಿ ಪರಾರಿ ಆಗೋ ಕಾಲ ಇದು," ಮೇಷ್ಟ್ರು ಮುಂದುವರಿಸಿದರು. "ಇವರು ಮಳೇಲಿ ನನ್ನ ತಲೆ ತೊಡೆ ಮೇಲಿಟ್ಕೊಂಡು ಕೂತಿದ್ರು. ಕಾರು ಓಡಿಸ್ತಿದ್ದಿದ್ದು ನಾನೇ, ತಪ್ಪಾಯ್ತು ಅಂತ ಅತ್ರು. ಆಸ್ಪತ್ರೇಲಿ ಕೇಳಿದಾಗ, ಯಾವ ಗಾಡಿಯೋ ಗೊತ್ತಿಲ್ಲ ಅಂದುಬಿಟ್ಟೆ. ಎದುರಿಗೆ ನಿಂತು ಒಪ್ಪಿಕೊಂಡೋನನ್ನ ಹಿಡಿದುಕೊಡೋಕೆ ಮನಸ್ಸಾದ್ರೂ ಹೇಗೆ ಬರುತ್ತೆ? ಮನೆಗೆ ಹೋಗಿ ಅವರನ್ನ ಬೈಬೇಡಮ್ಮ. ಬೇಕಂತ ಮಾಡಿದ್ದಲ್ಲ."

"ಕುಡೀರಿ ಅತ್ತಿಗೆ," ಎಂದಳು ಹುಡುಗಿ. "ನೀವ್ಯಾಕೆ ಇಷ್ಟು ನೊಂದ್ಕೊಳ್ತೀರಿ? ತಪ್ಪು ನಿಮ್ಮದಲ್ಲವಲ್ಲ."

ಅವಳ ಗಂಡನಿಗೆ ಕಾರು ಓಡಿಸಲು ಬರುತ್ತಿರಲಿಲ್ಲ.