ಹಳೇ ಅಂಚೆ ಕಚೇರಿಯ ನಡುಗೋಡೆ

"ಈ ಗೋಡೆ ಯಾವಾಗ ಬಂತು?" ಪುರಾತತ್ವ ಇಲಾಖೆಯ ಅಧಿಕಾರಿ ಬೆರಳ ಗೆಣ್ಣಿನಿಂದ ಇಟ್ಟಿಗೆ ತಟ್ಟಿ ಕೇಳಿದರು.

ದರ್ಜಿಗೆ ಸೂಜಿ ಚುಚ್ಚಿದಂತಾಯಿತು. ಅಪ್ಪ ಕೊಂಡಿದ್ದ ಹಳೇ ಅಂಚೆ ಕಚೇರಿ ಅದು. ಅಪ್ಪ ಕಣ್ಣು ಮುಚ್ಚಿದ ಮೇಲೆ ಅಣ್ಣ ತಮ್ಮಂದಿರು ಜಗಳವಾಡಿ ಹಜಾರದ ನಡುವೆ ಗೋಡೆ ಎಬ್ಬಿಸಿದ್ದರು. ಈ ಕಡೆ ಅಣ್ಣನ ಹೊಲಿಗೆ, ಆ ಕಡೆ ತಮ್ಮನ ಗಡಿಯಾರ ರಿಪೇರಿ. ಅಂದಿನಿಂದ ಇಬ್ಬರಿಗೂ ಮಾತಿಲ್ಲ. ಹೆಂಡತಿಯರೂ ಮಾತಾಡಕೂಡದೆಂದು ಕಟ್ಟಪ್ಪಣೆ.

ಈಗ ರಸ್ತೆ ಅಗಲವಾಗಲಿತ್ತು. ಸಂರಕ್ಷಿತ ಕಟ್ಟಡವೆಂಬ ಮಾನ್ಯತೆ ಸಿಕ್ಕರೆ ಸೂರು ಉಳಿಯುತ್ತದೆ. ಇಲ್ಲವಾದರೆ ಇಬ್ಬರೂ ಬೀದಿಪಾಲು.

"ಆಮೇಲೆ ಕಟ್ಟಿದ್ದು ಸಾರ್," ಎಂದ ದರ್ಜಿ.

"ಅದೇ ನೋಡಿ. ಇದಿರೋ ತನಕ ನಾನು ಫಲಕ ಹಾಕೋ ಹಾಗಿಲ್ಲ."

ದರ್ಜಿಯ ಹೆಂಡತಿ ಅಧಿಕಾರಿಗೆ ಟೀ ತಂದಿಟ್ಟಳು. ಕಪ್ ಮನೆಯದೇ, ಕೆಳಗಿನ ನೀಲಿ ಅಂಚಿನ ಸಾಸರು ಎಲ್ಲಿಯದೋ. ಕೇಳಲು ದರ್ಜಿಗೆ ಪುರುಸೊತ್ತಿರಲಿಲ್ಲ.

"ನನ್ನದೇನೂ ಅಡ್ಡಿಯಿಲ್ಲ ಸಾರ್. ಆ ಕಡೆಯವರು ಒಪ್ಪಬೇಕಲ್ಲ. ಹಿಡಿದ ಮೊಲಕ್ಕೆ ಮೂರೇ ಕಾಲು ಅನ್ನೋ ಜನ."

ಗೋಡೆಯಾಚೆಯಿಂದ ತಮ್ಮನ ದನಿ ಬಂತು: "ಮೊಲ ಹಿಡ್ಕೊಂಡು ಕೂತಿರೋರು ಯಾರು ಅಂತ ಊರಿಗೇ ಗೊತ್ತು. ನನ್ನದೂ ಅಡ್ಡಿಯಿಲ್ಲ ಸಾರ್, ಹೇಳಿಬಿಡಿ ಅವರಿಗೆ."

"ಹಾಗಾದ್ರೆ ಸುತ್ತಿಗೆ ಯಾರ ಹತ್ರ ಇದೆ?" ಎಂದರು ಅಧಿಕಾರಿ.

"ಅವನ ಸುತ್ತಿಗೇಲಿ ಸೊಳ್ಳೆನೂ ಸಾಯಲ್ಲ," ಎನ್ನುತ್ತ ದರ್ಜಿ ಹಾರೆ ತಂದ.

ಮೊದಲ ಇಟ್ಟಿಗೆ ಬಿದ್ದ ಕಿಂಡಿಯಲ್ಲಿ ತಮ್ಮನ ಮುಖ ಕಂಡಿತು. ಇಷ್ಟು ಹತ್ತಿರದಿಂದ ನೋಡಿ ವರ್ಷಗಳೇ ಆಗಿದ್ದವು; ತಲೆ ಪೂರ್ತಿ ನರೆತಿತ್ತು. ದರ್ಜಿ ಹಾರೆ ಕೆಳಗಿಟ್ಟು ಕಣ್ಣೊರೆಸಿಕೊಂಡ. ಧೂಳು ಬಿದ್ದಿರಬೇಕು.

"ಸರಿದು ನಿಲ್ಲೋ, ಕಾಲ ಮೇಲೆ ಬಿದ್ದೀತು."

"ನೀನು ಬಗ್ಗಬೇಡ. ನಿನ್ನ ಸೊಂಟ ಮೊದ್ಲೇ ಸರಿಯಿಲ್ಲ."

"ನನ್ನ ಸೊಂಟದ ವಿಷಯ ನಿಂಗ್ಯಾರು ಹೇಳಿದ್ದು?"

"ಮನೆಯವಳು."

ಸಂಜೆಗೆ ಹಜಾರ ಒಂದಾಯಿತು. ಪೊರಕೆ ಹುಡುಕುತ್ತ ಅಡುಗೆಮನೆಗೆ ಹೋದ ದರ್ಜಿ ಬಾಗಿಲಲ್ಲೇ ನಿಂತ. ಒಳಗೆ ಅಧಿಕಾರಿ ವಾರಗಿತ್ತಿಯರಿಬ್ಬರ ನಡುವೆ ಕೂತು ಮತ್ತೊಂದು ಟೀ ಹೀರುತ್ತಿದ್ದರು. ಅವನ ಹೆಂಡತಿ ಹಿಟ್ಟಿನ ಡಬ್ಬಿಯೊಳಗೆ ಮೊಣಕೈವರೆಗೆ ಕೈ ಇಳಿಸಿ, ಹಿತ್ತಾಳೆಯ ಫಲಕವೊಂದನ್ನು ಎಳೆದು ಕೊಡವಿದಳು.

"ಹೋದ ತಿಂಗಳು ಮಾನ್ಯತೆ ಸಿಕ್ಕಾಗ ನೀವು ಕೊಟ್ಟಿದ್ದು ಸಾರ್. ಗೋಡೆ ಬೀಳೋ ತನಕ ಹಾಕಬೇಡಿ ಅಂದಿದ್ವಲ್ಲ, ಇನ್ನು ಹೊಡೀರಿ ಮೊಳೆ."

ದರ್ಜಿ ಸದ್ದಿಲ್ಲದೆ ಹಿಂದಿರುಗಿದ. "ಪೊರಕೆ ಸಿಗ್ಲಿಲ್ಲ ಕಣೋ," ಎಂದ ತಮ್ಮನಿಗೆ.