ಮೂಗು ಹಿಡಿದು

ಮೂರನೇ ತರಗತಿಯಲ್ಲಿ ಮಾಸ್ತರರದು ಒಂದೇ ಕಾನೂನು: ಮಗ್ಗಿ ಸರಿ ಹೇಳಿದವರು, ತಪ್ಪಿದವರ ಮೂಗು ಹಿಡಿದು ಕಪಾಳಕ್ಕೆ ಬಾರಿಸಬೇಕು.

ಅಂದು ಮಾಬೂಬಿ ತಪ್ಪಿದಳು, ನಿಂಗವ್ವ ಸರಿ ಹೇಳಿದಳು. ಗೆಳತಿಯ ಕೆನ್ನೆಯನ್ನು ನಿಂಗವ್ವ ಮೆಲ್ಲಗೆ ಸವರಿದ್ದೇ ತಡ, ಅವಳ ಕಪಾಳಕ್ಕೇ ಮಾಸ್ತರರ ಏಟು ಬಿತ್ತು. ಕಿವಿ ಗುಂಯ್ ಎಂದಿತು.

"ಹಿಂಗ ಹೊಡೀಬೇಕು. ತಿಳೀತಿಲ್ಲೋ?"

"ತಿಳೀತ್ರಿ ಸರ."

ನಿಂಗವ್ವ ಮತ್ತೆ ಹೊಡೆದಳು. ಮಾಬೂಬಿಯ ತುಟಿ ಒಡೆದು ರಕ್ತ ಬಂತು.

"ಶಾಬಾಸ್. ಈಗ ಎಲ್ಲಾರೂ ನನ್ನ ಹಿಂದ ಹೇಳ್ರಿ. ಏಳು ಎಂಟ್ಲೆ ಐವತ್ನಾಕು."

"ಐವತ್ತಾರ್ರಿ ಸರ," ಎಂದಳು ನಿಂಗವ್ವ.

ಮಾಸ್ತರರು ಬೆರಳು ಮಡಚಿ ಎಣಿಸಿದರು.

"ಹೌದಲ್ಲ, ಐವತ್ತಾರು. ಬಾಯಿತಪ್ಪಿ ಬಂತು."

ನಿಂಗವ್ವ ಎದ್ದುಬಂದು ಅವರೆದುರು ನಿಂತಳು.

"ತುಸು ಬಗ್ರಿ ಸರ. ಮೂಗು ನಿಲುಕವಲ್ದು."