ಹಳ್ಳದ ಆಚೆ ಕಡೆಯವರು

ಸಾಯಬಣ್ಣನ ಚಹಾದ ಕಪ್ಪು ತುಟಿಯ ಹತ್ತಿರ ಬಂದು ಅಲ್ಲೇ ನಿಂತಿತು. "ಏನಂದ್ರಿ? ಕೊಣ್ಣೂರಗಿ?"

"ಹೌದ್ರಿ, ಕೊಣ್ಣೂರಗಿನ," ಎಂದ ಶಿವಪುತ್ರಪ್ಪ. ಮಗಳನ್ನು ಕೊಡುವ ಮನೆ ಹೇಗಿದೆಯೋ ನೋಡೋಣವೆಂದು ಪರೇಲ್‌ನಿಂದ ಚೆಂಬೂರಿಗೆ ಬಂದವನು ಆತ. ಅವನ ಮಗಳೂ ಸಾಯಬಣ್ಣನ ಮಗ ಅನಿಲನೂ ಬಾಂದ್ರಾದ ಒಂದೇ ಆಫೀಸಿನಲ್ಲಿ ಕೂತು ಒಬ್ಬರನ್ನೊಬ್ಬರು ಮೆಚ್ಚಿಕೊಂಡಿದ್ದರು. ಊರು ಯಾವುದೆಂದು ಕೇಳಿದರೆ ಇಬ್ಬರೂ ಹೇಳಿದ್ದು ಒಂದೇ ಮಾತು: "ಬಿಜಾಪುರ್ ಸೈಡ್."

ಅದು ತನ್ನದೇ ಊರು! ಸಾಯಬಣ್ಣನಿಗೆ ಎದ್ದು ಅಪ್ಪಿಕೊಳ್ಳುವಷ್ಟು ಸಂತೋಷವಾಯಿತು. ಮುಂಬಯಿಗೆ ಬಂದಾಗಿನಿಂದ ತನ್ನೂರಿನ ಹೆಸರು ಕೇಳಿದವರೆಲ್ಲ "ಕೊಲ್ಹಾಪುರದ ಹತ್ತಿರವಾ?" ಎಂದು ಕೇಳಿ ಅವನ ಹೊಟ್ಟೆ ಉರಿಸಿದ್ದರು. ಆ ಸಿಟ್ಟಿಗೇ ಅವನು ಮಗನಿಗೆ ಊರಿನ ಕೋಟೆಯ ಕಥೆ ಹೇಳುತ್ತ ಬಂದಿದ್ದ. ಅನಿಲ ಬೆಳೆದಂತೆ ಕೋಟೆಯೂ ಬೆಳೆದಿತ್ತು. ಹುಡುಗ ಕಾಲೇಜು ಸೇರುವ ಹೊತ್ತಿಗೆ ಮೂರು ಬುರುಜುಗಳು ಏಳಾಗಿ, ಸುಲ್ತಾನನೊಬ್ಬ ಅಲ್ಲಿಗೆ ಗಾಳಿ ಸೇವನೆಗೆ ಬರುತ್ತಿದ್ದ.

"ಯಾವ ಓಣಿರಿ ನಿಮ್ಮದು?"

"ಬಾವಿ ಪ್ಯಾಟಿ."

"ಓಹೋ, ಹಳ್ಳದ ಆಚಿ ಕಡಿಯವರು!"

"ಆಚಿ ಕಡಿ ಅಂದ್ರ?" ಶಿವಪುತ್ರಪ್ಪ ಚುರುಮುರಿ ಸುಸಲದ ತಟ್ಟೆ ಕೆಳಗಿಟ್ಟ. "ನಮಗ ನೀವ ಆಚಿ ಕಡಿಯವರು."

"ಹಂಗ ಹ್ಯಾಂಗ ಆಕ್ಕೈತ್ರಿ? ಕ್ವಾಟಿ ಇದ್ದ ಕಡಿ ಊರು. ನಿಮ್ಮ ಕಡಿ ಕ್ವಾಟಿ ಕುದುರಿ ಕಟ್ತಿದ್ರು. ನಮ್ಮ ಮುತ್ಯಾ ಹೇಳ್ತಿದ್ದ."

"ಯಾವ ಕ್ವಾಟಿರಿ? ಆ ಮಣ್ಣಿನ ದಿಬ್ಬಾನ? ನಮ್ಮ ಬಾವಿ ನೀರಿಲ್ಲದ ಆ ಮಣ್ಣು ಕಲಸಿದ್ದು ಹ್ಯಾಂಗ, ಹೇಳ್ರಿ ನೋಡೋಣು? ಬಾವಿ ಮೊದಲ, ಕ್ವಾಟಿ ಆಮ್ಯಾಲ."

ಸಾಯಬಣ್ಣ ತಬ್ಬಿಬ್ಬಾದ. ಈ ಪ್ರಶ್ನೆಯನ್ನು ಇಷ್ಟು ವರ್ಷಗಳಲ್ಲಿ ಅವನಿಗೆ ಯಾರೂ ಕೇಳಿರಲಿಲ್ಲ. ಊರನ್ನೇ ಮಾಡಿ ತೋರಿಸಲು ನೆಲಕ್ಕಿಳಿದ. ನೀರಿನ ತಂಬಿಗೆ ಕೋಟೆಯಾಯಿತು, ಬಿಸ್ಕಿಟಿನ ತಟ್ಟೆ ಸಂತೆಯ ಬಯಲಾಯಿತು, ಹೆಗಲ ಮೇಲಿನ ಟವೆಲ್ಲು ಉದ್ದಕ್ಕೆ ಹಾಸಿ ಹಳ್ಳವಾಯಿತು. ಶಿವಪುತ್ರಪ್ಪನೂ ಪ್ಯಾಂಟು ಮೇಲೆಳೆದುಕೊಂಡು ಎದುರಿಗೆ ಕೂತು, ತನ್ನ ಕಪ್ಪನ್ನು ಟವೆಲ್ಲಿನ ಈಚೆಗೆ ಬಾವಿಯಾಗಿ ಕುಕ್ಕಿದ.

ಬಾಗಿಲ ಹತ್ತಿರ ನಿಂತಿದ್ದ ಅನಿಲ ಮದುವೆಯ ಮಾತೇ ಬಾರದ್ದನ್ನು ಕಂಡು ತಾಯಿಯ ಕಿವಿಯಲ್ಲಿ ಪಿಸುಗುಟ್ಟಿದ. "ಅವ್ವಾ, ಶಾದಿ ಕೀ ಬಾತ್ ಕಬ್ ಶುರು ಹೋಗೀ?"

"ಇನ್ನಾ ಸುಲ್ತಾನರ ಕಾಲ ನಡದೈತಿ," ಎಂದಳು ಗುರುಬಾಯಿ. "ನಿನ್ನ ಕಾಲ ಬರಾಕ ಹೊತ್ತೈತಿ, ತಡಿ."

"ಹಳ್ಳ ಹಿಂಗ ನೆಟ್ಟಗ ಎಲ್ಲಿ ಹರಿತೈತ್ರಿ?" ಎನ್ನುತ್ತ ಶಿವಪುತ್ರಪ್ಪ ಟವೆಲ್ಲನ್ನು ನಡುವಿನಲ್ಲಿ ಹಿಡಿದು ಬಾಗಿಸಿದ. "ಹಣಮಪ್ಪನ ಗುಡಿ ಹಿಂದ ಡೊಂಕ ಆಕ್ಕೈತಿ. ಅಲ್ಲೇ ಮಡುವು."

ಸಾಯಬಣ್ಣ ಆ ಡೊಂಕನ್ನೇ ನೋಡಿದ. ಹೌದು, ಅಲ್ಲಿ ಮಡುವಿತ್ತು. ಒಣ ಕುಂಬಳಕಾಯಿ ಬೆನ್ನಿಗೆ ಕಟ್ಟಿಕೊಂಡು ಅವನು ಈಜು ಕಲಿತದ್ದು ಅದರಲ್ಲೇ. ಮಗನಿಗೆ ಏಳು ಬುರುಜು ಕಟ್ಟಿಕೊಡುವ ಭರದಲ್ಲಿ ಅದು ಅವನಿಗೇ ಮರೆತುಹೋಗಿತ್ತು. ಆದರೆ ಸೋತೆನೆಂದು ಒಪ್ಪುವುದುಂಟೇ?

"ಡೊಂಕ ಇರವಲ್ದ್ಯಾಕ. ಕುದುರಿ ಕಟ್ಟಿದ ಜಾಗಾ ಅಂತೂ ಖರೆ."

ಶಿವಪುತ್ರಪ್ಪ ದಡಕ್ಕನೆ ಎದ್ದ. "ಕುದುರಿ ಲಾಯದಾಗಿನ ಹುಡುಗಿ ನಿಮ್ಮಂಥಾ ಕ್ವಾಟಿ ಮಂದಿಗ್ಯಾಕ? ಬರ್ತೀನ್ರಿ," ಎಂದು ಚಪ್ಪಲಿ ಮೆಟ್ಟಿ ಹೊರಟೇಬಿಟ್ಟ.

ಅನಿಲನ ಮುಖ ಬಿಳಿಚಿತು. ಗುರುಬಾಯಿ ಗಂಡನನ್ನು ಬಯ್ಯಲಿಲ್ಲ. ಬಗ್ಗಿ ಬಾವಿಯನ್ನೂ ತಂಬಿಗೆಯನ್ನೂ ಎತ್ತಿಕೊಂಡು, ಹಳ್ಳವನ್ನು ಸುರುಳಿ ಸುತ್ತತೊಡಗಿದಳು. ನೋಡನೋಡುತ್ತಿದ್ದಂತೆ ಕೊಣ್ಣೂರಗಿ ಇದ್ದಲ್ಲಿ ಬರಿಯ ಟೈಲ್ಸ್ ನೆಲ ಉಳಿಯಿತು. ಸಾಯಬಣ್ಣನ ಕೋಟೆಗೆ ತಲೆದೂಗಲು ಈ ಬಿಲ್ಡಿಂಗಿನ ತುಂಬ ಜನರಿದ್ದರು. ಅದು ತಪ್ಪೆಂದು ಹೇಳಬಲ್ಲವನು ಇಡೀ ಮುಂಬಯಿಯಲ್ಲಿ ಒಬ್ಬನೇ, ಅವನೀಗ ಲಿಫ್ಟಿನ ಗುಂಡಿ ಒತ್ತುತ್ತಿದ್ದ. ಹೋದನೆಂದರೆ ಇನ್ನು ಜಗಳಕ್ಕೆ ಯಾರು ಗತಿ?

ಸಾಯಬಣ್ಣ ಬರಿಗಾಲಲ್ಲೇ ಓಡಿದ. ಲಿಫ್ಟಿನ ಬಾಗಿಲು ಮುಚ್ಚುತ್ತಿತ್ತು.

"ಬೀಗ್ರ, ನಿಂದರ್ರಿ!"

ಬೀಗರೆಂದು ಕರೆಸಿಕೊಂಡ ಶಿವಪುತ್ರಪ್ಪ ಮುಖ ಗಂಟಿಕ್ಕಿಕೊಂಡೇ ಕಾಲು ಅಡ್ಡವಿಟ್ಟ. ಬಾಗಿಲು ಅವನ ಚಪ್ಪಲಿಗೆ ಬಡಿದು ಹಿಂದೆ ಸರಿಯಿತು.

ಸಾಯಬಣ್ಣ ಏದುಸಿರು ಬಿಡುತ್ತ ಆಚೀಚೆ ನೋಡಿದ. ಮಗ ಬಾಗಿಲಲ್ಲಿ ನಿಂತು ಕೇಳಿಸಿಕೊಳ್ಳುತ್ತಿದ್ದ. ಆದದ್ದಾಗಲಿ ಎಂದು ದನಿ ತಗ್ಗಿಸಿದ. "ಕುದುರಿ ಅಂದದ್ದು ನಂದ ತಪ್ಪಾತು. ನಿಮ್ಮ ಕಡಿ ಕಟ್ತಿದ್ದದ್ದು ಆನಿ."

ಬಾಗಿಲು ಮತ್ತೊಮ್ಮೆ ಬಂದು ಕಾಲಿಗೆ ಬಡಿಯಿತು. ಶಿವಪುತ್ರಪ್ಪ ಕಾಲು ತೆಗೆಯಲಿಲ್ಲ.

"ಎಷ್ಟು ಆನಿ?" ಎಂದು ಕೇಳಿದ.